ಇಂಡಿಯಾನ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್

ಅಮೆರಿಕದ ಇಂಡಿಯಾನ ರಾಜ್ಯದ ನ್ಯೂ ಕ್ಯಾಸಲ್ ಪಟ್ಟಣದಲ್ಲಿರುವ ಕ್ರೀಡಾ ಗೌರವ ಸಂಸ್ಥೆ ಮತ್ತು ಸಂಗ್ರಹಾಲಯ. ಆರಂಭವಾದದ್ದು 1962ರಲ್ಲಿ. ಹೈಸ್ಕೂಲು ಬ್ಯಾಸ್ಕೆಟ್‌ಬಾಲ್‌ನಿಂದ ಮೇಲೆ ಬಂದ ಆ ರಾಜ್ಯದ ಆಟಗಾರರನ್ನೂ ಅವರನ್ನು ತಿದ್ದಿದ ತರಬೇತುದಾರರನ್ನೂ ಇಲ್ಲಿ ಗೌರವಿಸುತ್ತಾರೆ. ಇಂಥ ಸಂಸ್ಥೆಗಳು ಅಮೆರಿಕದಲ್ಲಿ ಹಲವು ಊರುಗಳಲ್ಲಿವೆ. ಶಾಲಾ ಮಕ್ಕಳ ಆಟವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಇದರ ವಿಶೇಷ.

ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರೂಪಿಸಿದ ಈ ಆಟ ವೈಎಂಸಿಎ ಮೂಲಕ ಕೆಲವೇ ವರ್ಷಗಳಲ್ಲಿ ಇಂಡಿಯಾನ ತಲುಪಿತು. (ಭಾರತಕ್ಕೂ ಅದು ಬಂದದ್ದು ಅದೇ ದಾರಿಯಲ್ಲಿ. 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆ ತೆರೆದ ಹ್ಯಾರಿ ಕ್ರೋ ಬಕ್ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತವರು.) 1911ರಲ್ಲಿ ಹೈಸ್ಕೂಲುಗಳ ರಾಜ್ಯ ಟೂರ್ನಿ ಶುರುವಾಯಿತು. ದೊಡ್ಡ ನಗರದ ಶಾಲೆ, ಹಳ್ಳಿಯ ಶಾಲೆ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಕಪ್. ಚಳಿಗಾಲದಲ್ಲಿ ಹೊಲದ ಕೆಲಸ ಇರುತ್ತಿರಲಿಲ್ಲ. ತಂಡಕ್ಕೆ ಐದೇ ಹುಡುಗರು ಸಾಕಾಗಿದ್ದರಿಂದ ಪುಟ್ಟ ಊರೂ ತನ್ನದೊಂದು ತಂಡ ಕಟ್ಟಬಹುದಿತ್ತು. 1913 ಮತ್ತು 1914ರಲ್ಲಿ ಗೆದ್ದ ವಿಂಗೇಟ್ ಶಾಲೆಗೆ ಸ್ವಂತ ಒಳಾಂಗಣವೇ ಇರಲಿಲ್ಲ, ಅಭ್ಯಾಸಕ್ಕೆ ಪಕ್ಕದ ಊರಿಗೆ ಹೋಗಬೇಕಿತ್ತು. ಆ ತಂಡದ ಹೋಮರ್ ಸ್ಟೋನ್‌ಬ್ರೇಕರ್ ಹಾಲ್ ಆಫ್ ಫೇಮ್‌ನ ಮೊದಲ ಸಾಲಿನಲ್ಲೇ ಸೇರಿದರು.

1962ರ ಆ ಮೊದಲ ಪಟ್ಟಿ ಚಿಕ್ಕದು, ಆದರೆ ತರಬೇತುದಾರರಿಗೆ ಅದರಲ್ಲಿ ಸಿಕ್ಕ ಜಾಗ ಗಮನಿಸುವಂಥದ್ದು. ಫ್ರಾಂಕ್ಲಿನ್ ಊರಿನ ಶಾಲೆ 1920ರಿಂದ 1922ರವರೆಗೆ ಸತತ ಮೂರು ಸಲ ಗೆದ್ದಾಗ ಆಡಿದ ರಾಬರ್ಟ್ ವ್ಯಾಂಡಿವಿಯರ್ ಅದರಲ್ಲಿದ್ದರು, ಆಡಿಸಿದ ಅರ್ನೆಸ್ಟ್ ವ್ಯಾಗ್ನರ್ ಕೂಡ ಇದ್ದರು. ಪರ್ಡ್ಯೂ ವಿಶ್ವವಿದ್ಯಾಲಯದ ತರಬೇತುದಾರ ವಾರ್ಡ್ ಲ್ಯಾಂಬರ್ಟ್ ಇದ್ದರು, ಅವರ ಶಿಷ್ಯ ಜಾನ್ ವುಡನ್ ಕೂಡ. 1927ರಲ್ಲಿ ಮಾರ್ಟಿನ್ಸ್‌ವಿಲ್ ಶಾಲೆಗೆ ರಾಜ್ಯ ಕಪ್ ತಂದ ಹುಡುಗ ವುಡನ್, ಆಮೇಲೆ ಸೌತ್ ಬೆಂಡ್‌ನ ಶಾಲೆಯೊಂದರಲ್ಲಿ ಮೇಷ್ಟ್ರಾಗಿ, ಕೋಚ್ ಆಗಿ ದುಡಿದವರು. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ತಂಡದೊಂದಿಗೆ ಅವರು ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1964ರಿಂದ 1975ರ ನಡುವೆ. ತವರು ರಾಜ್ಯ ಅವರನ್ನು ಗುರುತಿಸುವ ಹೊತ್ತಿಗೆ ಆ ಹತ್ತರಲ್ಲಿ ಒಂದೂ ಬಂದಿರಲಿಲ್ಲ.

ಸಂಗ್ರಹಾಲಯಕ್ಕೆ ಬರುವವರು ಹೆಚ್ಚಾಗಿ ಕೇಳುವ ಕಥೆ ಮಿಲಾನ್ ಎಂಬ ಪುಟ್ಟ ಊರಿನ ಶಾಲೆಯದು. ಕೇವಲ 161 ವಿದ್ಯಾರ್ಥಿಗಳಿದ್ದ ಆ ಶಾಲೆ 1954ರ ಫೈನಲ್‌ನಲ್ಲಿ ಮನ್ಸಿ ಸೆಂಟ್ರಲ್ ಎಂಬ ದೊಡ್ಡ ಶಾಲೆಯನ್ನು 32–30ರಿಂದ ಸೋಲಿಸಿತು. ಇನ್ನೂ ಮೂವತ್ತು ದಾಟದ ಕೋಚ್ ಮಾರ್ವಿನ್ ವುಡ್ ಆಟದ ವೇಗವನ್ನೇ ಕೊಂದರು: ಬಾಬಿ ಪ್ಲಂಪ್ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಚೆಂಡು ಹಿಡಿದು ನಿಂತೇ ಇದ್ದರು, ಕೊನೆಯ ಕ್ಷಣದಲ್ಲಿ ಅವರೇ ಬುಟ್ಟಿಗೆ ಹಾಕಿದರು. 1986ರ ‘ಹೂಸಿಯರ್ಸ್’ ಸಿನಿಮಾಕ್ಕೆ ಪ್ರೇರಣೆ ಇದೇ.

ಅದೇ ಟೂರ್ನಿಯಲ್ಲಿ ಮಿಲಾನ್ ಎದುರು ಸೋತ ಇನ್ನೊಂದು ಶಾಲೆಯ ಕಥೆ ಇದಕ್ಕಿಂತ ದೊಡ್ಡದು, ಆದರೂ ಬಹಳ ಕಾಲ ಕಡಿಮೆ ಹೇಳಲ್ಪಟ್ಟಿತು. ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಅಟಕ್ಸ್ ಶಾಲೆಯನ್ನು 1927ರಲ್ಲಿ ತೆರೆದದ್ದೇ ಕಪ್ಪು ಜನರ ಮಕ್ಕಳನ್ನು ಬೇರೆ ಕೂರಿಸಲಿಕ್ಕೆ. 1942ರವರೆಗೆ ರಾಜ್ಯ ಟೂರ್ನಿಯ ಬಾಗಿಲು ಅದಕ್ಕೆ ಮುಚ್ಚಿತ್ತು. ಕೋಚ್ ರೇ ಕ್ರೋ ಕೈಕೆಳಗೆ, ಆಸ್ಕರ್ ರಾಬರ್ಟ್‌ಸನ್ ಆಟದ ಬಲದಲ್ಲಿ, 1955ರಲ್ಲಿ ಅದು ಗೆದ್ದಿತು. ಎಲ್ಲರಿಗೂ ತೆರೆದ ರಾಜ್ಯ ಟೂರ್ನಿಯೊಂದನ್ನು ಸಂಪೂರ್ಣ ಕಪ್ಪು ವಿದ್ಯಾರ್ಥಿಗಳ ಶಾಲೆಯೊಂದು ಗೆದ್ದದ್ದು ಅಮೆರಿಕದಲ್ಲಿ ಅದೇ ಮೊದಲು. ಗೆದ್ದ ತಂಡಗಳು ನಗರದ ನಡುವಿನ ಸ್ಮಾರಕ ವೃತ್ತದಲ್ಲಿ ಸಂಭ್ರಮಿಸುವುದು ರೂಢಿ. ಈ ಹುಡುಗರ ಮೆರವಣಿಗೆಯನ್ನು ಅಲ್ಲಿ ನಿಲ್ಲಗೊಡದೆ ಕಪ್ಪು ಜನರ ಬಡಾವಣೆಯ ಪಾರ್ಕಿಗೆ ಕಳಿಸಲಾಯಿತು. ಮರುವರ್ಷ ಒಂದೂ ಪಂದ್ಯ ಸೋಲದೆ ಅವರೇ ಮತ್ತೆ ಗೆದ್ದರು. ಮುಂದೆ ಕ್ರೋ, ರಾಬರ್ಟ್‌ಸನ್ ಇಬ್ಬರಿಗೂ ಹಾಲ್ ಆಫ್ ಫೇಮ್ ಗೌರವ ಸಂದಿತು. ಅಂದು ತಿರುಗಿದ ಮೆರವಣಿಗೆ ರಾಬರ್ಟ್‌ಸನ್‌ರ ಮನಸ್ಸಿನಿಂದ ಹೋಗಲಿಲ್ಲ. ಅದನ್ನು ಅವರು ಹಲವು ಸಲ ಹೇಳಿಕೊಂಡಿದ್ದಾರೆ.

ಹುಡುಗಿಯರ ರಾಜ್ಯ ಟೂರ್ನಿ ಆರಂಭವಾದದ್ದು 1976ರಲ್ಲಿ, ಹುಡುಗರದಕ್ಕಿಂತ 65 ವರ್ಷ ತಡವಾಗಿ. ಮೊದಲ ಕಪ್ ವಾರ್ಸಾ ಶಾಲೆಗೆ. ಮಹಿಳಾ ಆಟಗಾರರು ಮತ್ತು ತರಬೇತುದಾರರ ಸೇರ್ಪಡೆಗೆ ಈಗ ಪ್ರತ್ಯೇಕ ಸಮಾರಂಭ ಉಂಟು. ಶಾಲೆ ಮುಗಿಸಿ 25 ವರ್ಷವಾದ ಆಟಗಾರರನ್ನು ಆರಿಸಿ ‘ಬೆಳ್ಳಿಹಬ್ಬದ ತಂಡ’ ಎಂದು ಕರೆಯುವ ವಾಡಿಕೆಯೂ ಇದೆ. ಪೂರ್ಣ ಸದಸ್ಯತ್ವಕ್ಕೆ ಏರದವರಿಗೂ ಇದರಿಂದ ಒಂದು ಗೌರವ ಸಿಗುತ್ತದೆ.

ಮೊದಲು ಇಂಡಿಯಾನಾಪೊಲಿಸ್‌ನಲ್ಲಿದ್ದ ಸಂಸ್ಥೆ 1990ರಲ್ಲಿ ನ್ಯೂ ಕ್ಯಾಸಲ್‌ಗೆ ಬಂತು. ರಾಜಧಾನಿ ಬಿಟ್ಟು ಚಿಕ್ಕ ಪಟ್ಟಣಕ್ಕೆ ಹೋದದ್ದು ವಿಚಿತ್ರವೆನಿಸಬಹುದು. ಆದರೆ ಅಲ್ಲಿನ ಶಾಲೆಯ ಫೀಲ್ಡ್‌ಹೌಸ್, 1959ರಲ್ಲಿ ತೆರೆದದ್ದು, ಸಾವಿರಾರು ಆಸನಗಳಿರುವ, ಜಗತ್ತಿನ ಅತಿ ದೊಡ್ಡ ಹೈಸ್ಕೂಲು ಒಳಾಂಗಣವೆಂದು ಹೆಸರಾದದ್ದು. ಹಾಲ್ ಆಫ್ ಫೇಮ್ ಅದರ ಪಕ್ಕದಲ್ಲೇ ಇದೆ. ತಂದೆ ಸ್ಯಾಮ್ ಆಲ್ಫರ್ಡ್ ಕೋಚ್ ಆಗಿದ್ದ ಆ ಶಾಲೆಯಲ್ಲೇ ಸ್ಟೀವ್ ಆಲ್ಫರ್ಡ್ ಬೆಳೆದು 1984ರ ಒಲಿಂಪಿಕ್ ಚಿನ್ನದ ತಂಡ ಸೇರಿದರು.

1997–98ರಿಂದ ರಾಜ್ಯ ಟೂರ್ನಿಯನ್ನು ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ನಾಲ್ಕು ದರ್ಜೆಗಳಾಗಿ ಒಡೆಯಲಾಯಿತು. ಚಿಕ್ಕ ಶಾಲೆಗಳಿಗೆ ಕಪ್ ಗೆಲ್ಲುವ ಅವಕಾಶ ಹೆಚ್ಚಿತು, ಆದರೆ ಮಿಲಾನ್‌ನಂಥ ಶಾಲೆ ಫೈನಲ್‌ನಲ್ಲಿ ಮನ್ಸಿಯಂಥ ಶಾಲೆಗೆ ಎದುರಾಗುವ ದಾರಿ ಮುಚ್ಚಿತು. ಈ ನಿರ್ಧಾರ ಸರಿಯೋ ತಪ್ಪೋ ಎಂಬ ವಾದ ಇಂಡಿಯಾನದಲ್ಲಿ ಇನ್ನೂ ಮುಗಿದಿಲ್ಲ.