ಸೋತವರ ಚರಿತ್ರೆ, ಭಾಗ 6: ಗೋಲ್ಡ್‌ವಾಟರ್‌ಗೆ ವೋಟು ಹಾಕಿದವರು

ಫೋಟೋದಲ್ಲಿ ದಪ್ಪ ಕಪ್ಪು ಫ್ರೇಮಿನ ಕನ್ನಡಕ ಹಾಕ್ಕೊಂಡಿರೋರು ಬ್ಯಾರಿ ಗೋಲ್ಡ್‌ವಾಟರ್, ಅರಿಝೋನಾದ ಸೆನೆಟರ್. ಫೀನಿಕ್ಸ್‌ನಲ್ಲಿ ಇವರ ಮನೆತನದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಇತ್ತು. ರಾಜಕೀಯಕ್ಕೆ ಬರೋ ಮೊದಲು ಅದನ್ನ ನಡೆಸ್ತಿದ್ದಿದ್ದು ಇವರೇ. 1964ರ ನವೆಂಬರ್ 3ರಂದು ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದಿಂದ ನಿಂತು ಲಿಂಡನ್ ಜಾನ್ಸನ್ ಎದುರು ಹೀನಾಯವಾಗಿ ಸೋತರು. ಗೆದ್ದಿದ್ದು 50ರಲ್ಲಿ 6 ರಾಜ್ಯ. ಎಲೆಕ್ಟೊರಲ್ ವೋಟು 486ಕ್ಕೆ 52. ಸ್ವಂತ ರಾಜ್ಯ ಅರಿಝೋನಾ ಕೂಡ ಕೂದಲೆಳೆಯಲ್ಲಿ ಉಳೀತು.

ಆದ್ರೂ 2 ಕೋಟಿ 70 ಲಕ್ಷ ಜನ ಇವರಿಗೆ ವೋಟು ಹಾಕಿದ್ರು. ಇವತ್ತು ಆ ಜನರ ಕಥೆ.

ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ತಗೊಳ್ಳಿ. ಹೊಸ ಬಡಾವಣೆ, ಹೊಸ ಮನೆ, ಸಣ್ಣ ವ್ಯಾಪಾರ, ಭಾನುವಾರ ಚರ್ಚ್. ಅಲ್ಲಿನ ಸಂಪ್ರದಾಯವಾದಿ ಮತದಾರನಿಗೆ ವಾಷಿಂಗ್ಟನ್ ಅಂದ್ರೇನೇ ಸಿಟ್ಟು. ರೂಸ್‌ವೆಲ್ಟ್ ಕಾಲದಿಂದ ಕೇಂದ್ರ ಸರ್ಕಾರ ಬೆಳೀತಾನೇ ಇದೆ, ನಮ್ಮ ಪಕ್ಷದ ಐಸೆನ್‌ಹೋವರ್ 8 ವರ್ಷ ಕೂತರೂ ಅದನ್ನ ಇಳಿಸಲಿಲ್ಲ ಅನ್ನೋದು ದೂರು. 1963ರ ತನಕ ಆದಾಯ ತೆರಿಗೆಯ ಟಾಪ್ ಸ್ಲ್ಯಾಬ್ 91% ಇತ್ತು (ಹೌದು, ಸರಿಯಾಗೇ ಓದಿದ್ರಿ). ಅಷ್ಟು ಕಟ್ಟೋರು ಬೆರಳೆಣಿಕೆ ಜನ, ಆದರೆ ಸಿಟ್ಟು ಎಲ್ಲರದ್ದೂ. ಪಕ್ಕದಲ್ಲೇ ಕ್ಯೂಬಾ, ಕಮ್ಯುನಿಸ್ಟರ ಭಯ ಬೇರೆ. ತಮಾಷೆ ಏನಂದ್ರೆ, ಆರೆಂಜ್ ಕೌಂಟಿ ಅಷ್ಟು ಬೆಳೆದಿದ್ದಕ್ಕೆ ದೊಡ್ಡ ಕಾರಣ ವಾಷಿಂಗ್ಟನ್ ಕೊಟ್ಟ ರಕ್ಷಣಾ ಕಾಂಟ್ರಾಕ್ಟುಗಳೇ.

ಈಗ ಕಷ್ಟದ ಭಾಗ. ಅರಿಝೋನಾ ಬಿಟ್ಟು ಗೆದ್ದ ಉಳಿದ 5 ರಾಜ್ಯ ಯಾವುವು? ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ಸೌತ್ ಕ್ಯಾರೊಲಿನಾ. ಎಲ್ಲಾ ದಕ್ಷಿಣ. ಆ ವರ್ಷದ ನಾಗರಿಕ ಹಕ್ಕುಗಳ ಕಾಯ್ದೆಗೆ ಗೋಲ್ಡ್‌ವಾಟರ್ ವಿರುದ್ಧ ವೋಟು ಹಾಕಿದ್ರು. 1957 ಮತ್ತು 1960ರ ಕಾಯ್ದೆಗಳಿಗೆ ಬೆಂಬಲ ಕೊಟ್ಟವರು ಇವರೇ. ಹೋಟೆಲಿನವರು ಯಾರನ್ನ ಒಳಗೆ ಬಿಡಬೇಕು, ಮಾಲೀಕ ಯಾರಿಗೆ ಕೆಲಸ ಕೊಡಬೇಕು ಅಂತ ಹೇಳೋ ಅಧಿಕಾರ ಸಂವಿಧಾನ ಕೇಂದ್ರಕ್ಕೆ ಕೊಟ್ಟಿಲ್ಲ ಅನ್ನೋದು ಅವರ ವಾದ. ಮಿಸಿಸಿಪ್ಪಿಯಲ್ಲಿ ಅವರಿಗೆ 87% ವೋಟು ಬಿತ್ತು. ಅಲ್ಲಿ ಕಪ್ಪು ಜನಾಂಗದ ಬಹುತೇಕರಿಗೆ ಮತದಾರರ ಪಟ್ಟಿಗೆ ಹೆಸರು ಸೇರಿಸೋಕೇ ಬಿಡ್ತಿರಲಿಲ್ಲ. ಸಂವಿಧಾನದ ಹೆಸರಲ್ಲಿ ವೋಟು ಹಾಕಿದವನಿಗೆ ಪಕ್ಕದ ಸಾಲಲ್ಲಿ ನಿಂತವನು ಯಾಕೆ ಹಾಕ್ತಿದಾನೆ ಅಂತ ಗೊತ್ತಿರಲಿಲ್ಲ ಅಂದ್ರೆ ನಾನು ನಂಬಲ್ಲ.

ಫಲಿತಾಂಶ ಬಂದಾಗ ಇವರ ಕಥೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡ್ರು. ಕೆಳಮನೆಯಲ್ಲಿ ಡೆಮಾಕ್ರಾಟರಿಗೆ 295 ಸೀಟು. ಅದೇ ಬಲದಲ್ಲಿ 1965ರಲ್ಲಿ ವಯಸ್ಸಾದವರ ಆರೋಗ್ಯ ವಿಮೆ ಮೆಡಿಕೇರ್ ಬಂತು. ಅಂದ್ರೆ ಗೋಲ್ಡ್‌ವಾಟರ್ ಮತದಾರ ಯಾವುದಕ್ಕೆ ಹೆದರಿದ್ದನೋ ಅದು ಅವನ ಸೋಲಿನಿಂದಲೇ ಬೇಗ ಆಯ್ತು. ಅವರು ಮಾತ್ರ '2 ಕೋಟಿ 70 ಲಕ್ಷ ಜನ ತಪ್ಪಾಗಿರೋಕೆ ಸಾಧ್ಯವಿಲ್ಲ' ಅಂತ ಕಾರಿಗೆ ಸ್ಟಿಕರ್ ಅಂಟಿಸ್ಕೊಂಡು ಓಡಾಡ್ತಿದ್ರು.

ಕಾಮರ್ಸ್‌ನವರು ಇಲ್ಲಿ ಗಮನ ಕೊಡಿ. 50 ಡಾಲರ್‌ಗಿಂತ ಜಾಸ್ತಿ ದೇಣಿಗೆ ಕೊಟ್ಟವರ ಹೆಸರು, ವಿಳಾಸ ಕೆಳಮನೆಯ ಕ್ಲರ್ಕ್ ಕಚೇರಿಯ ದಾಖಲೆಯಲ್ಲಿ ಇರ್ತಿತ್ತು, ಯಾರು ಬೇಕಾದ್ರೂ ನೋಡಬಹುದಿತ್ತು. ರಿಚರ್ಡ್ ವಿಗರಿ ಅನ್ನೋ ಯುವಕ ಅಲ್ಲಿಗೆ ಹೋಗಿ ಗೋಲ್ಡ್‌ವಾಟರ್ ದಾನಿಗಳ ಹೆಸರನ್ನ ಕೈಯಲ್ಲೇ ನಕಲು ಮಾಡಿಸಿದ, ಸುಮಾರು 12,500. ಆ ಪಟ್ಟಿಯಿಂದ ಅಂಚೆ ಮೂಲಕ ದೇಣಿಗೆ ಎತ್ತೋ ಉದ್ಯಮವನ್ನೇ ಕಟ್ಟಿದ. ಯಾವ ಬ್ಯಾಲೆನ್ಸ್ ಶೀಟಲ್ಲೂ ಕಾಣದ ಆಸ್ತಿ, ಖರೀದಿಸದೆ ತಾನೇ ಬೆಳೆಸಿದ ಗುಡ್‌ವಿಲ್ ಥರ!

ಚುನಾವಣೆಗೆ ಒಂದು ವಾರ ಮೊದಲು ಟೀವಿಯಲ್ಲಿ ಗೋಲ್ಡ್‌ವಾಟರ್ ಪರ ಭಾಷಣ ಮಾಡಿದ ಸಿನಿಮಾ ನಟನೊಬ್ಬ 1966ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಆಗಿ ಗೆದ್ದ. 1980ರಲ್ಲಿ ಅಧ್ಯಕ್ಷ. ರೊನಾಲ್ಡ್ ರೇಗನ್.

ಖರ್ಚಿನ ಕಡೆಯದ್ದೂ ಬರೀಬೇಕು. 1960ರಲ್ಲಿ ನಿಕ್ಸನ್‌ಗೆ ಕಪ್ಪು ಮತದಾರರ ಸುಮಾರು ಮೂರನೇ ಒಂದು ಭಾಗ ವೋಟು ಬಿದ್ದಿತ್ತು. ಲಿಂಕನ್ ಪಕ್ಷಕ್ಕೆ ಅಧ್ಯಕ್ಷ ಚುನಾವಣೆಯಲ್ಲಿ ಆ ಪಾಲು ಇವತ್ತಿನವರೆಗೂ ವಾಪಸ್ ಬಂದಿಲ್ಲ.

ಭಾಗ 7: 1968ರಲ್ಲಿ ನಿಕ್ಸನ್ ಎದುರು ಸೋತ ಹ್ಯೂಬರ್ಟ್ ಹಂಫ್ರಿ.

#ಸೋತವರ_ಚರಿತ್ರೆ #ಕನ್ನಡದಲ್ಲಿ_ಇತಿಹಾಸ