ತಾಳವಾಡಿ ಬೆಟ್ಟಸೀಮೆ: ಊರಿನ ನೋವು ಮತ್ತು ದೇವರ ಆಚರಣೆಗಳು

ಈರೋಡು ಜಿಲ್ಲೆಯ ಕನ್ನಡ ಸೀಮೆ ತಾಳವಾಡಿ. ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವು ಹತ್ತಿದರೆ ಸಿಗುವ ಈ ನಾಡು, 1956ರಲ್ಲಿ ನೆರೆಯ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ ಮದರಾಸು ರಾಜ್ಯದಲ್ಲೇ ಉಳಿಯಿತು. ದೇವರ ಒಕ್ಕಲು ಮಾತ್ರ ಗಡಿ ಲೆಕ್ಕಿಸಲಿಲ್ಲ.

ಸಿಡುಬು, ಕಾಲರಾದಂಥ ಪಿಡುಗುಗಳನ್ನು ಹಿಂದಿನವರು ಮಾರಿಯ ಮುನಿಸೆಂದು ತಿಳಿದಿದ್ದರು. ಊರಿಗೆ ಬಂದ ಕೇಡನ್ನು ಊರೇ ಕೂಡಿ ಕಳೆಯಬೇಕಿತ್ತು. ಬಣ್ಣಾರಿ ಮಾರಿಯಮ್ಮನ ಕೊಂಡದ ಹಿಂದೆ ಈ ನಂಬಿಕೆಯಿದೆ. ತಮಿಳು ಪಂಚಾಂಗದ ಪಂಗುನಿ ಮಾಸದಲ್ಲಿ ಅಮ್ಮನ ಉತ್ಸವಮೂರ್ತಿ ಮೊದಲು ಹಳ್ಳಿಗಳನ್ನು ಸುತ್ತಿ ಬರುತ್ತದೆ, ಆಮೇಲೆ ಜನ ಕೆಂಡ ಹಾಯುತ್ತಾರೆ. ಒಬ್ಬೊಬ್ಬರ ಕಷ್ಟಕ್ಕೆ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟವಿತ್ತು: ಮುಡಿ ಕೊಡುವುದು, ಉರುಳುಸೇವೆ, ಹರಕೆ.

1990ರ ದಶಕದ ಕೇಡು ಈ ಕ್ರಮಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಕಾಡುಗಳ್ಳ ವೀರಪ್ಪನ್ ಬೇಟೆಗೆ ಇಳಿದ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಪೊಲೀಸ್ ವಿಶೇಷ ಕಾರ್ಯಪಡೆ ಸೋಲಿಗ ಬುಡಕಟ್ಟಿನವರನ್ನೂ ಕಾಡಂಚಿನ ಬಡವರನ್ನೂ ಹಿಡಿದೊಯ್ದು ಹಿಂಸಿಸಿತೆಂಬ ದೂರುಗಳು ಬಂದವು. ಹಾಗೆ ಹಿಂಸಿಸುತ್ತಿದ್ದ ಒಂದು ಜಾಗವನ್ನು ಜನ 'ವರ್ಕ್‌ಶಾಪ್' ಎನ್ನುತ್ತಿದ್ದರು. ಅದು ಇದ್ದದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ. ಹರಕೆ ಹೊತ್ತು ಹೋಗುವ ಬೆಟ್ಟದ ಹೆಸರೇ ನಡುಕ ಹುಟ್ಟಿಸುವಂತಾದದ್ದು ಈ ಚರಿತ್ರೆಯ ಅತಿ ಕ್ರೂರ ಸಂಗತಿ. 2000ದ ಜುಲೈ 30ರಂದು ತಾಳವಾಡಿ ಬಳಿಯ ದೊಡ್ಡಗಾಜನೂರಿನಿಂದ ವೀರಪ್ಪನ್ ಕನ್ನಡದ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ನಾಡೆಲ್ಲ ಪೂಜೆ, ಉರುಳುಸೇವೆ ನಡೆದವು. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಕೈದಿಗಳಾಗಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಇದ್ದವರಿಗಾಗಿ ನಾಡು ಹಾಗೆ ಹರಕೆ ಹೊರಲಿಲ್ಲ.

ಪೊಲೀಸರಿಗೂ ಕಾಡಿಗೂ ನಡುವೆ ಸಿಕ್ಕ ಹಳ್ಳಿಗಳಲ್ಲಿ, ಸುಳಿವು ಕೊಟ್ಟವರಾರು ಎಂಬ ಗುಮಾನಿ ಹೊರಗಿನ ಏಟಿಗಿಂತ ಕಡಿಮೆಯ ಗಾಯವಲ್ಲ. ತಾಳವಾಡಿ ಸೀಮೆಯ ಗುಮಟಾಪುರದ ಗೊರೆಹಬ್ಬವನ್ನು ಇಲ್ಲಿ ನೆನೆಯಬೇಕು. ದೀಪಾವಳಿಯ ಬೆನ್ನಿಗೆ ಬೀರೇಶ್ವರನ ಹೆಸರಲ್ಲಿ ಸಗಣಿ ಎರಚಾಡುವ ಈ ಹಬ್ಬದಲ್ಲಿ 'ಚಾಡಿಕೋರ'ನ ವೇಷ ಹಾಕಿ, ಮೆರವಣಿಗೆ ಮಾಡಿ, ಬಾಯ್ತುಂಬ ಬೈಯುತ್ತಾರೆ. ಸಗಣಿ ತಾಗಿದರೆ ರೋಗ ವಾಸಿ ಎಂಬ ನಂಬಿಕೆಯೂ ಇದೆ. ಹಬ್ಬ ವೀರಪ್ಪನ್ ಕಾಲಕ್ಕಿಂತ ಹಳೆಯದು, ಎರಡಕ್ಕೂ ನೇರ ನಂಟು ಕಟ್ಟಲಾಗದು. ಆದರೂ ಚಾಡಿ ಹೇಳುವವನನ್ನು ಊರೆಲ್ಲ ಒಟ್ಟಾಗಿ ನಗೆಗೀಡುಮಾಡಿ, ಯಾರ ಮೈಗೂ ನೋವಾಗದಂತೆ ಸಿಟ್ಟು ತೀರಿಸಿಕೊಳ್ಳುವ ಏರ್ಪಾಡು ಇಲ್ಲಿ ಮೊದಲೇ ಇತ್ತೆಂಬುದು ಗಮನಾರ್ಹ.

ಖಾಕಿಯ ಹಿಂಸೆಗೆ ಉತ್ತರವನ್ನು ಗುಡಿಯ ಹೊರಗೇ ಹುಡುಕಬೇಕಾಯಿತು. ಕಾರ್ಯಪಡೆಯ ಮೇಲಿನ ದೂರುಗಳ ತನಿಖೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ನೇಮಿಸಿತು. ನೊಂದವರು ಅದರ ಮುಂದೆ ಬಾಯಿಬಿಟ್ಟರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಅಷ್ಟರಲ್ಲಿ, 2004ರಲ್ಲೇ, ವಕೀಲ ಎಸ್. ಬಾಲಮುರುಗನ್ 'ಸೋಳಗರ್ ತೊಟ್ಟಿ' ಎಂಬ ತಮಿಳು ಕಾದಂಬರಿಯಲ್ಲಿ ಈ ಕಾಡಿನ ಸೋಲಿಗರ ಪಾಡನ್ನು ಬರೆದಿದ್ದರು.