ರಟ್ಟಿನ ತೂತಿನಿಂದ ಗಣಕಕ್ಕೆ: ಸೊಲ್ಲಾಪುರದ ಜಕಾರ್ಡ್ ಮಗ್ಗ

ಗಣಕಯಂತ್ರವು ಸಣ್ಣ ಕಾರ್ಖಾನೆಗಳನ್ನು ಹೊಕ್ಕಿದ್ದು ತೀರ ಈಚೆಗೆ ಎಂದು ನಾವು ಭಾವಿಸುತ್ತೇವೆ. ಸಿದ್ಧರಾಮನ ಸೊನ್ನಲಿಗೆಯಾದ ನಮ್ಮ ಸೊಲ್ಲಾಪುರದ ಮಟ್ಟಿಗೆ ಇದು ಅರ್ಧ ಸತ್ಯ. ಇಲ್ಲಿಯ ಚಾದರಗಳ ಮೇಲೆ ಹೂಬಳ್ಳಿಗಳನ್ನು ಮೂಡಿಸುವ ಜಕಾರ್ಡ್ ಸಾಧನವು ಗಣಕದ ಪೂರ್ವಜರಲ್ಲಿ ಒಂದು.

ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಹಿಂದಿನವರ ಹಲವು ಪ್ರಯತ್ನಗಳನ್ನು ಕೂಡಿಸಿ 1804ರಲ್ಲಿ ಇದನ್ನು ರೂಪಿಸಿದನು. ರಟ್ಟಿನಲ್ಲಿ ತೂತಿದ್ದರೆ ಸೂಜಿ ಅದರೊಳಗೆ ಹಾಯುತ್ತದೆ, ಅದಕ್ಕೆ ಸೇರಿದ ಕೊಕ್ಕೆಯು ಹಾಸಿನ ಎಳೆಯನ್ನು ಎತ್ತುತ್ತದೆ. ತೂತಿಲ್ಲದಿದ್ದರೆ ಎಳೆ ಕೆಳಗೇ ಉಳಿಯುತ್ತದೆ. ಒಂದು ಹೊಕ್ಕಿಗೆ ಒಂದು ರಟ್ಟು. ದೊಡ್ಡ ಚಿತ್ತಾರಕ್ಕೆ ಸಾವಿರಾರು ರಟ್ಟುಗಳ ಸರಪಳಿ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆಯ್ದುಕೊಂಡದ್ದೂ ಇಂಥ ರಟ್ಟುಗಳನ್ನೇ.

1877ರಲ್ಲಿ ಸ್ಥಾಪನೆಗೊಂಡು ಜನರ ಬಾಯಲ್ಲಿ 'ಜುನಿ ಮಿಲ್' ಆದ ದೊಡ್ಡ ಗಿರಣಿಯು 1960ರ ದಶಕದಲ್ಲಿ ಮುಚ್ಚಿತು. ನೇಯ್ಗೆ ಮಾತ್ರ ನಿಲ್ಲಲಿಲ್ಲ. ಕೆಲವೇ ವಿದ್ಯುತ್ ಮಗ್ಗಗಳ ಸಣ್ಣ ಕಾರ್ಖಾನೆಗಳಲ್ಲಿ ಮುಂದುವರಿಯಿತು.

1983ರಲ್ಲಿ ಮಿಲಾನಿನ ಜವಳಿಯಂತ್ರ ಪ್ರದರ್ಶನದಲ್ಲಿ ಬೋನಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಜಕಾರ್ಡನ್ನು ಮುಂದಿಟ್ಟಿತು. ರಟ್ಟಿನ ಸ್ಥಾನಕ್ಕೆ ಗಣಕದ ಸ್ಮೃತಿ, ತೂತಿನ ಸ್ಥಾನಕ್ಕೆ ವಿದ್ಯುತ್ಕಾಂತ ಬಂದವು. 1999ರಲ್ಲಿ ಕೇಂದ್ರ ಸರಕಾರದ ತಂತ್ರಜ್ಞಾನ ಉನ್ನತೀಕರಣ ನಿಧಿ ಯೋಜನೆಯು ಜವಳಿ ಉದ್ಯಮಿಗಳ ಸಾಲದ ಬಡ್ಡಿಯನ್ನು ಹಗುರಗೊಳಿಸಿತು. ಆದರೆ ಸಾಲಕ್ಕೆ ಅಡಮಾನ ಬೇಕು, ಓರಣದ ಲೆಕ್ಕಪತ್ರ ಬೇಕು. ನಾಲ್ಕು ಮಗ್ಗದವನಿಗೆ ಇವೆರಡೂ ದುರ್ಲಭ. ಲೆಕ್ಕದ ಮೇಜಿಗಂತೂ ಗಣಕ ಬಲವಂತದಿಂದಲೇ ಬಂದಿತೆನ್ನಬೇಕು: 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಗೆ ಬಂದ ಮೇಲೆ ನೋಂದಾಯಿತರು ಲೆಕ್ಕಪತ್ರವನ್ನು ಅಂತರಜಾಲದಲ್ಲೇ ಸಲ್ಲಿಸಬೇಕಾಯಿತು.

ಇಷ್ಟು ಬಂಡವಾಳವಿಲ್ಲದವರಿಗೆ ನಡುದಾರಿಯೊಂದಿತ್ತು, ನನ್ನ ಅಭಿಪ್ರಾಯದಲ್ಲಿ ಹೆಚ್ಚು ವಿವೇಕದ ದಾರಿ. ಮಗ್ಗ ಹಳೆಯದೇ ಇರಲಿ. ಚಿತ್ತಾರವನ್ನು ಮಾತ್ರ ಗಣಕದಲ್ಲಿ ಬರೆದು, ರಟ್ಟುಗಳನ್ನು ಯಂತ್ರದಿಂದ ಕೊರೆಸುವುದು. ದಿನಗಟ್ಟಲೆಯ ಕೈಕೆಲಸ ಗಂಟೆಗಳಿಗೆ ಇಳಿಯುತ್ತದೆ; ಸಣ್ಣ ಬೇಡಿಕೆಗೂ ಹೊಸ ವಿನ್ಯಾಸ ಕೊಡುವುದು ಸಾಧ್ಯವಾಗುತ್ತದೆ.

ಆದರೂ ಪರದೆಯ ಮೇಲಿನ ಚಿತ್ರ ಬಟ್ಟೆಯಲ್ಲ. ಎಳೆಯೊಂದು ಕಟ್ಟಿಲ್ಲದೆ ಬಹುದೂರ ತೇಲಿದರೆ ಬಳಸುವವರ ಬೆರಳಿಗೋ ಬಳೆಗೋ ಸಿಕ್ಕಿ ಕಿತ್ತುಬರುತ್ತದೆ. ಎಲ್ಲಿ ಎಳೆಯನ್ನು ಬಿಗಿಯಬೇಕು, ಎಲ್ಲಿ ತೇಲಲು ಬಿಡಬೇಕು ಎಂಬುದನ್ನು ಗ್ರಾಫ್ ಕಾಗದದ ಚೌಕಗಳನ್ನು ತುಂಬುತ್ತ ಬಂದ ಹಳೆಯ ವಿನ್ಯಾಸಕಾರರು ಬಲ್ಲರು. ಅಂಥವರನ್ನು ಗಣಕದ ಮುಂದೆ ಕೂರಿಸಿಕೊಂಡ ಮಾಲೀಕನಿಗೆ ಹೊಸ ಸಾಧನ ಬೇಗ ಒಗ್ಗುತ್ತದೆ; ಮೌಸ್ ಹಿಡಿಯಲು ಕಲಿತವನನ್ನಷ್ಟೇ ನೇಮಿಸಿಕೊಂಡವನು ನೂಲು ಹಾಳುಮಾಡಿಕೊಂಡು ಪಾಠ ಕಲಿಯಬೇಕಾಗುತ್ತದೆ.

ಕೈಯಿಂದ ರಟ್ಟು ಕೊರೆಯುತ್ತಿದ್ದವರಿಗೆ ಈ ಎರಡು ದಾರಿಗಳಲ್ಲಿಯೂ ಎಡೆಯಿರಲಿಲ್ಲ. ಚಾದರದ ಅಂಚಿನಲ್ಲಿ ಕಾರ್ಖಾನೆಯ ಹೆಸರು ನೇಯ್ದಿರುತ್ತದೆ. ಆ ಹೆಸರಿನ ಅಕ್ಷರಗಳನ್ನೂ ಒಂದೊಂದೇ ತೂತಾಗಿ ಕೊರೆದವರು ಅವರೇ.